ಒಂದೇ ಎಂಜಿನ್, ಮೂರು ಕಾರ್ಬ್ಯುರೇಟರ್: ಹಳೇ ಮಿನಿಯಲ್ಲಿ ಹಾಕಿ ಓಡಿಸಿ ನೋಡಿದ್ದು

ಹಳೇ ಮಿನಿ ಕಾರಿನ 1275 ಸಿಸಿ ಎಂಜಿನ್ ಪೂರ್ತಿ ಬಿಚ್ಚಿ ಕಟ್ಟಿದ ಮೇಲೆ ನನಗೆ ಒಂದೇ ಪ್ರಶ್ನೆ ಉಳಿದಿತ್ತು. ಗಾಳಿ-ಪೆಟ್ರೋಲ್ ಬೆರೆಸಿ ಕೊಡುವ ಕಾರ್ಬ್ಯುರೇಟರ್ ಯಾವುದು ಹಾಕೋದು? ಅವಳಿ ಎಸ್‌ಯು (ಕಾರ್ಬ್ಯುರೇಟರಿನ ಒಂದು ಬ್ರ್ಯಾಂಡ್) ಹಾಕು, ಮಿನಿಯ ಚುರುಕು ಮಾದರಿಯಾದ ಕೂಪರ್ ಎಸ್‌ಗೆ ಕಂಪನಿಯವರೇ ಹಾಕಿದ್ದು ಅದು ಅಂದರು ಕೆಲವರು. ದೊಡ್ಡ ಎಸ್‌ಯು ಒಂದೇ ಸಾಕು ಅಂದರು ಇನ್ನು ಕೆಲವರು. ಪವರ್ ಬೇಕಿದ್ದರೆ ವೆಬರ್ ಬ್ರ್ಯಾಂಡ್ ಬಿಟ್ಟು ಬೇರೆ ಮಾತೇ ಇಲ್ಲ ಅಂದವರೇ ಜಾಸ್ತಿ. ಕೊನೆಗೆ ಮೂರನ್ನೂ ಹೊಂದಿಸಿಕೊಂಡು, ಒಂದಾದ ಮೇಲೊಂದು ಹಾಕಿ ಓಡಿಸಿದೆ.

ಎಂಜಿನ್ ಬಗ್ಗೆ ಮೊದಲು ಹೇಳಿಬಿಡುತ್ತೇನೆ. ಇದು ಎ-ಸೀರೀಸ್. 1951ರಲ್ಲಿ ಆಸ್ಟಿನ್ ಎ30 ಕಾರಿನಲ್ಲಿ 803 ಸಿಸಿಯಾಗಿ ಬಂದು, ಬೆಳೆಯುತ್ತಾ 1275 ಸಿಸಿವರೆಗೂ ಹೋಗಿ, 2000ದವರೆಗೆ ತಯಾರಾದ ಎಂಜಿನ್. ನನ್ನದರ ಬೋರ್ (ಸಿಲಿಂಡರಿನ ಒಳಗೋಡೆ) ಸವೆದಿತ್ತು. 20 ಥೌ, ಅಂದರೆ ಸುಮಾರು ಅರ್ಧ ಮಿಲಿಮೀಟರ್ ರೀಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಿದ ಮೇಲೆ 1293 ಸಿಸಿ ಆಯಿತು. ಒಂದು ಸಿಲಿಂಡರ್‌ಗೆ ಸುಮಾರು 323 ಸಿಸಿ. ಕಂಪ್ರೆಷನ್ (ಎಳೆದ ಮಿಶ್ರಣವನ್ನು ಒತ್ತುವ ಅನುಪಾತ) 10:1 ಬೇಕು ಅಂದರೆ ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಉಳಿಯುವ ಜಾಗ 36 ಸಿಸಿ ಇರಬೇಕು. ಹೆಡ್‌ನ ಚೇಂಬರ್, ಪಿಸ್ಟನ್ ತಲೆಯ ಗುಳಿ, ಗ್ಯಾಸ್ಕೆಟ್ ದಪ್ಪ ಎಲ್ಲವೂ ಆ 36ರಲ್ಲೇ ಬರಬೇಕು. ಬ್ಯುರೆಟ್ (ಅಳತೆಯ ಗಾಜಿನ ಕೊಳವೆ) ಹಿಡಿದು ನಾಲ್ಕೂ ಚೇಂಬರ್ ಅಳೆದು, ಚಿಕ್ಕದಿದ್ದುದನ್ನು ಉಜ್ಜಿ ದೊಡ್ಡದಕ್ಕೆ ಸಮ ಮಾಡಿದೆ. ಬೇಸರದ ಕೆಲಸ, ಆದರೆ ಇದನ್ನು ಬಿಟ್ಟರೆ ಮುಂದೆ ಯಾವ ಟ್ಯೂನಿಂಗೂ ನಿಲ್ಲುವುದಿಲ್ಲ.

ವಾಲ್ವ್ ತೆರೆಸುವ ಕ್ಯಾಮ್ ರಸ್ತೆಗೆ ಹೊಂದುವಂಥದ್ದು, ತೀರಾ ಜೋರಿನದ್ದಲ್ಲ. ಹೊಸ ಕ್ಯಾಮ್ ಹಾಕಿದವರು ಮೊದಲ ಸ್ಟಾರ್ಟ್ ಆದ ತಕ್ಷಣ 2,000ದಿಂದ 2,500 ಆರ್‌ಪಿಎಂನಲ್ಲಿ ಇಪ್ಪತ್ತು ನಿಮಿಷ ಓಡಿಸಲೇಬೇಕು. ಐಡ್ಲಿಂಗ್‌ಗೆ ಬಿಟ್ಟರೆ ಕ್ಯಾಮ್ ಮೇಲೆ ಎಣ್ಣೆ ಸರಿಯಾಗಿ ಚಿಮ್ಮುವುದಿಲ್ಲ, ಅದಕ್ಕೆ ತಾಗುವ ಟ್ಯಾಪೆಟ್ ಅಲ್ಲೇ ಸವೆಯಲು ಶುರುವಾಗುತ್ತದೆ. ಇನ್ನೊಂದು ವಿಷಯ. ಮಿನಿಯಲ್ಲಿ ಗೇರ್‌ಬಾಕ್ಸ್ ಎಂಜಿನ್ನಿನ ಕೆಳಗೇ ಇರುತ್ತದೆ, ಎರಡಕ್ಕೂ ಒಂದೇ ಎಣ್ಣೆ. ಗೇರಿನಿಂದ ಉದುರಿದ ಕಬ್ಬಿಣದ ಪುಡಿಯೂ ಅದೇ ಎಣ್ಣೆಯಲ್ಲಿ ಸುತ್ತುತ್ತದೆ. ಹೊಸ ಬೇರಿಂಗ್ ಹಾಕಿದ ಮೇಲೆ ಎಣ್ಣೆ ಬೇಗ ಬೇಗ ಬದಲಾಯಿಸಿ.

ಈಗ ಹೆಡ್ ವಿಷಯ. ನಾಲ್ಕು ಸಿಲಿಂಡರ್‌ಗೆ ಮಿಶ್ರಣ ಒಳಹೋಗುವ ದಾರಿ, ಅಂದರೆ ಇನ್ಲೆಟ್ ಪೋರ್ಟ್, ಇರುವುದು ಎರಡೇ! 1 ಮತ್ತು 2ಕ್ಕೆ ಒಂದು, 3 ಮತ್ತು 4ಕ್ಕೆ ಒಂದು. ಎಕ್ಸಾಸ್ಟ್ ಮೂರು, ಒಟ್ಟು ಐದು ಪೋರ್ಟ್. ಫೈರಿಂಗ್ ಆರ್ಡರ್ 1-3-4-2. ಇದನ್ನು ಬರೆದುಕೊಂಡು ನೋಡಿ. 3 ಎಳೆದ ಬೆನ್ನಲ್ಲೇ 4 ಎಳೆಯುತ್ತದೆ, ಇಬ್ಬರದೂ ಒಂದೇ ಪೋರ್ಟ್. ಆಮೇಲೆ 2 ಮತ್ತು 1, ಅವರದ್ದೂ ಒಂದೇ ಪೋರ್ಟ್. ಅಂದರೆ ಪ್ರತಿ ಪೋರ್ಟ್ ಎರಡು ಗುಟುಕು ಬೆನ್ನುಬೆನ್ನಿಗೆ ಎಳೆದು, ಆಮೇಲೆ ಬಹಳ ಹೊತ್ತು ಸುಮ್ನೆ ಇರುತ್ತದೆ. ಮೂರು ಕಾರ್ಬ್ಯುರೇಟರ್‌ಗಳ ಗುಣ ಬೇರೆ ಬೇರೆ ಆಗಿದ್ದಕ್ಕೆ ಮುಖ್ಯ ಕಾರಣ ಇದೇ ಅಂತ ನನಗೆ ಕೊನೆಯಲ್ಲಿ ಅರ್ಥವಾಯಿತು.

ಪ್ರಯೋಗದಲ್ಲಿ ಕಾರ್ಬ್ಯುರೇಟರ್ ಮತ್ತು ಅದನ್ನು ಹೆಡ್‌ಗೆ ಜೋಡಿಸುವ ಮ್ಯಾನಿಫೋಲ್ಡ್ ಬಿಟ್ಟು ಬೇರೇನೂ ಬದಲಾಯಿಸಲಿಲ್ಲ. ಕ್ಯಾಮ್, ಟೈಮಿಂಗ್, ಸೈಲೆನ್ಸರ್ ಎಲ್ಲ ಅದೇ. ಸೈಲೆನ್ಸರ್ ಪೈಪಿಗೆ ವೈಡ್‌ಬ್ಯಾಂಡ್ ಸೆನ್ಸರ್ ಕೂರಿಸಿ, ಗಾಳಿ-ಪೆಟ್ರೋಲ್ ಅನುಪಾತ ಫುಲ್ ಥ್ರಾಟಲ್‌ನಲ್ಲಿ 12.5ರಿಂದ 13ರ ಒಳಗೆ ಬರುವ ತನಕ ಪ್ರತಿಯೊಂದನ್ನೂ ಟ್ಯೂನ್ ಮಾಡಿದೆ. ಅದಕ್ಕೆ ಮುಂಚೆ ಹೋಲಿಸಿದರೆ ಅನ್ಯಾಯ ಅಲ್ವಾ?

ಮೊದಲು ಹಾಕಿದ್ದು ಅವಳಿ ಎಸ್‌ಯು ಎಚ್‌ಎಸ್2, ಒಂದೂಕಾಲು ಇಂಚಿನವು. ನೋಡಲು ಬಹಳ ಚೆಂದ. ಸೆಕೆಂಡ್‌ಹ್ಯಾಂಡ್ ಜೋಡಿ ಸಿಕ್ಕಿತ್ತು. ಎರಡು ವಾರ ಐಡ್ಲಿಂಗ್ ನಿಲ್ಲಲೇ ಇಲ್ಲ. ಮಿಕ್ಸ್ಚರ್ ತಿರುಗಿಸಿದೆ, ಪೆಟ್ರೋಲ್ ಪ್ರಮಾಣ ನಿಯಂತ್ರಿಸುವ ನೀಡಲ್ ಬದಲಾಯಿಸಿದೆ, ಬ್ಯಾಲೆನ್ಸ್ ಮಾಡಿದ್ದನ್ನೇ ಮತ್ತೆ ಮಾಡಿದೆ. ಕೊನೆಗೆ ಥ್ರಾಟಲ್ ಸ್ಪಿಂಡಲ್ (ಗಾಳಿ ತಡೆಯುವ ಬಿಲ್ಲೆ ತಿರುಗುವ ಕಡ್ಡಿ) ಹಿಡಿದು ಅಲ್ಲಾಡಿಸಿದರೆ ಸಡಿಲ. ಸವೆದ ಸಂದಿಯಿಂದ ಗಾಳಿ ನುಗ್ಗುತ್ತಿತ್ತು. ಹೊಸ ಸ್ಪಿಂಡಲ್, ಹೊಸ ಬುಷ್ ಹಾಕಿದ ಮೇಲೆ ಅದೇ ಜೋಡಿ ಗಡಿಯಾರದ ಹಾಗೆ ನಡೆಯಿತು. ಹಳೇ ಎಸ್‌ಯು ಕೊಳ್ಳುವವರು ಮೊದಲು ಸ್ಪಿಂಡಲ್ ಅಲ್ಲಾಡಿಸಿ ನೋಡಿ, ಉಳಿದದ್ದೆಲ್ಲ ಆಮೇಲೆ. ಸರಿಹೋದ ಮೇಲೆ ಪಿಕಪ್ ನಿಜಕ್ಕೂ ಚುರುಕಾಗಿತ್ತು. ಆದರೆ ಎರಡರ ಬ್ಯಾಲೆನ್ಸ್ ಬಹಳ ದಿನ ನಿಲ್ಲುವುದಿಲ್ಲ. ಲಿಂಕೇಜ್ ಸ್ವಲ್ಪ ಸಡಿಲವಾದರೂ ಕೆಳಗಿನ ಆರ್‌ಪಿಎಂನಲ್ಲಿ ಎಂಜಿನ್ ನಡುಗುತ್ತದೆ.

ಎರಡನೆಯದು ಎಸ್‌ಯು ಎಚ್‌ಐಎಫ್44. ಒಂದೇ ಕಾರ್ಬ್ಯುರೇಟರ್, ಬಾಯಿ ಒಂದೂಮುಕ್ಕಾಲು ಇಂಚು. 1982ರಲ್ಲಿ ಬಂದ ಎಂಜಿ ಮೆಟ್ರೋ ಕಾರಿನಲ್ಲಿ ಇದ್ದದ್ದು ಇದೇ. ಅದು 72 ಬಿಎಚ್‌ಪಿ ಕೊಡುತ್ತಿತ್ತು, ಅವಳಿ ಎಸ್‌ಯು ಇದ್ದ 1275 ಕೂಪರ್ ಎಸ್ 76. ಅಂಥ ದೊಡ್ಡ ಅಂತರವೇನಲ್ಲ.

ಎರಡಕ್ಕಿಂತ ಒಂದು ಹೇಗೆ ಸಾಕಾಗುತ್ತದೆ ಅಂತ ನನಗೂ ಅನುಮಾನ ಇತ್ತು. ಲೆಕ್ಕ ಹಾಕಿದೆ. ಒಂದೂಕಾಲು ಇಂಚಿನ ಎರಡು ಬಾಯಿಗಳ ಒಟ್ಟು ವಿಸ್ತೀರ್ಣಕ್ಕೂ ಒಂದೂಮುಕ್ಕಾಲು ಇಂಚಿನ ಒಂದು ಬಾಯಿಗೂ ನೂರಕ್ಕೆ ಎರಡರಷ್ಟು ಮಾತ್ರ ವ್ಯತ್ಯಾಸ. ಅದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಅವಳಿಯಲ್ಲಿ ಒಂದು ಸಿಲಿಂಡರ್ ಉಸಿರೆಳೆಯುವಾಗ ಅದಕ್ಕೆ ಸಿಗುವುದು ಮುಖ್ಯವಾಗಿ ಒಂದು ಸಣ್ಣ ಬಾಯಿ, ಜೊತೆಗೆ ಬ್ಯಾಲೆನ್ಸ್ ಪೈಪಿನಿಂದ ಸ್ವಲ್ಪ. ಇಲ್ಲಿ ಪ್ರತಿ ಸಿಲಿಂಡರ್‌ಗೂ ತನ್ನ ಸರದಿಯಲ್ಲಿ ಇಡೀ 44 ಮಿ.ಮೀ. ಬಾಯಿ ಸಿಗುತ್ತದೆ. ಪೋರ್ಟುಗಳು ಬಿಟ್ಟು ಬಿಟ್ಟು ಎಳೆದರೂ ಕಾರ್ಬ್ಯುರೇಟರ್‌ಗೆ ಕಾಣುವುದು ಅರ್ಧ ಸುತ್ತಿಗೊಂದು ಗುಟುಕು, ಒಂದೇ ಸಮನೆ. ಹಾಗಾಗಿ ಎಸ್‌ಯು ಒಳಗೆ ಗಾಳಿಯ ಎಳೆತಕ್ಕೆ ನೀಡಲ್ ಸಮೇತ ಮೇಲೇಳುವ ಪಿಸ್ಟನ್ ಕುಣಿಯುವುದಿಲ್ಲ, ನೀಡಲ್ ಇರಬೇಕಾದ ಎತ್ತರದಲ್ಲಿ ಇರುತ್ತದೆ.

ರಸ್ತೆಯಲ್ಲಿ ಇದು ಚೆನ್ನಾಗಿ ಗೊತ್ತಾಯಿತು. ಮೂರನೇ ಗೇರಿನಲ್ಲಿ 1,500 ಆರ್‌ಪಿಎಂನಿಂದ ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಮುಗ್ಗರಿಸಲಿಲ್ಲ. 5,500ರವರೆಗೆ ಅವಳಿಗೆ ಎಲ್ಲೂ ಕಡಿಮೆ ಅನ್ನಿಸಲಿಲ್ಲ. ಟ್ಯೂನ್ ಮಾಡಲು ನೀಡಲ್, ಸ್ಪ್ರಿಂಗ್, ಡ್ಯಾಂಪರ್ ಎಣ್ಣೆ ಇಷ್ಟೇ. ಆ ಪಿಸ್ಟನ್ ಏರುವುದನ್ನು ನಿಧಾನ ಮಾಡುವ ಡ್ಯಾಂಪರ್‌ನಲ್ಲಿ ಎಣ್ಣೆ ತೆಳುವಾಗಿದ್ದರೆ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಒಂದು ಕ್ಷಣ ಬಿಕ್ಕುತ್ತದೆ. ಪಿಸ್ಟನ್ ಬೇಗ ಮೇಲೆದ್ದು ಮಿಶ್ರಣ ಲೀನ್ (ಪೆಟ್ರೋಲ್ ಕಡಿಮೆ) ಆಗುವುದರಿಂದ ಹಾಗಾಗುತ್ತದೆ. 20 ಗ್ರೇಡಿನ ಎಣ್ಣೆ ಹಾಕಿದ ಮೇಲೆ ನನ್ನದರಲ್ಲಿ ಬಿಕ್ಕುವುದು ನಿಂತಿತು. ಈ ಎಂಜಿನ್ನಿನಲ್ಲಿ ಇನ್ಲೆಟ್, ಎಕ್ಸಾಸ್ಟ್ ಎರಡೂ ಒಂದೇ ಕಡೆ ಇರುವುದರಿಂದ ಕಾರ್ಬ್ಯುರೇಟರ್ ಬಿಸಿ ಏರುತ್ತದೆ. ಎಚ್‌ಐಎಫ್ ಒಳಗೆ ಒಂದು ಬೈಮೆಟಲ್ ಪಟ್ಟಿ ಇದೆ, ಪೆಟ್ರೋಲ್ ಬಿಸಿಯಾದಾಗ ಜೆಟ್ಟಿನ (ಪೆಟ್ರೋಲ್ ಬರುವ ಸಣ್ಣ ತೂತಿನ) ಎತ್ತರವನ್ನು ಅದೇ ಸರಿಮಾಡಿಕೊಳ್ಳುತ್ತದೆ. ಟ್ರಾಫಿಕ್ಕಿನಲ್ಲಿ ನಿಂತು ಹೊರಟಾಗ ಅವಳಿಯಲ್ಲಿ ಕಾಡುತ್ತಿದ್ದ ತಡವರಿಕೆ ಇದರಲ್ಲಿ ಬರಲಿಲ್ಲ.

ಮೂರನೆಯದು ವೆಬರ್ 45 ಡಿಸಿಒಇ. ಹಾಕುವುದಕ್ಕೇ ಒಂದು ಹೋರಾಟ. ಮಿನಿಯಲ್ಲಿ ಇನ್ಲೆಟ್ ಹಿಂದೆ, ಡ್ಯಾಶ್‌ಬೋರ್ಡ್ ಕಡೆಗೆ ಇರುತ್ತದೆ. ವೆಬರ್ ಉದ್ದ. ನಡುವಿನ ತಗಡನ್ನು ಕೊಯ್ಯದೆ ಅದರ ಬಾಯಿಗೆ ಉಸಿರಾಡಲು ಜಾಗ ಇಲ್ಲ. ಕೊಯ್ಯುವಾಗ ನನಗೆ ಹೊಟ್ಟೆ ಉರಿಯಿತು. ಒಳಗೆ 34 ಮಿ.ಮೀ. ವೆಂಚುರಿ (ಗಾಳಿದಾರಿಯ ಕಿರಿದಾದ ಭಾಗ) ಇಟ್ಟೆ. ಮೇನ್ ಜೆಟ್‌ಗೆ ವೆಂಚುರಿಯ ನಾಲ್ಕರಷ್ಟು ಅನ್ನೋ ಲೆಕ್ಕದಿಂದ ಶುರುಮಾಡುವುದು ರೂಢಿ, ಅಂದರೆ 135ರ ಆಸುಪಾಸು. ಅದು ಬೇಗ ಸರಿಹೋಯಿತು. ಸತಾಯಿಸಿದ್ದು ಐಡಲ್ ಜೆಟ್. ಅರ್ಧಂಬರ್ಧ ಥ್ರಾಟಲ್‌ನಲ್ಲಿ ಒಮ್ಮೆ ರಿಚ್ (ಪೆಟ್ರೋಲ್ ಜಾಸ್ತಿ), ಒಮ್ಮೆ ಲೀನ್. ಬಾಯಿ ಹತ್ತಿರ ದೀಪ ಹಿಡಿದರೆ ಪೆಟ್ರೋಲ್ ಮಂಜು ಹೊರಗೆ ತೇಲುವುದು ಕಾಣುತ್ತಿತ್ತು. ಒಳಗೆ ಎಳೆದದ್ದನ್ನು ಆ ಖಾಲಿ ಹೊತ್ತಿನಲ್ಲಿ ಪೋರ್ಟ್ ವಾಪಸ್ ಉಸುರುತ್ತಿತ್ತು.

ಆದರೆ 4,000 ದಾಟಿದ ಮೇಲೆ ವೆಬರ್‌ನ ಕಥೆಯೇ ಬೇರೆ. ಆ ಘರ್ಜನೆ, ಆಕ್ಸಿಲರೇಟರ್ ಒತ್ತಿದ ಕೂಡಲೇ ಪಂಪ್ ಜೆಟ್ ಕೊಡುವ ನೂಕು, 6,500ರವರೆಗೂ ಕಮ್ಮಿಯಾಗದ ಎಳೆತ. ಉಳಿದೆರಡರಲ್ಲೂ ಅದು ಸಿಗಲಿಲ್ಲ. ರೇಸಿಗೆ ಅಂತ ಜೋರು ಕ್ಯಾಮ್ ಹಾಕಿ ಕಟ್ಟಿದ ಎಂಜಿನ್ ಆಗಿದ್ದರೆ ನಾನು ಬೇರೆ ಯೋಚನೆ ಮಾಡುತ್ತಿರಲಿಲ್ಲ. ನನ್ನ ಕಾರು ಬಹುಪಾಲು ಓಡುವುದು 2,000ದಿಂದ 4,000ದ ಒಳಗೆ. ವೆಬರ್ ಸತಾಯಿಸುವುದೂ ಅಲ್ಲೇ, ಪೆಟ್ರೋಲ್ ಜಾಸ್ತಿ ಕುಡಿಯುವುದೂ ಅಲ್ಲೇ.

ತಗಡಿನ ತೂತಿಗೆ ಪಟ್ಟಿ ಬೆಸೆದು ಎಚ್‌ಐಎಫ್44 ವಾಪಸ್ ಹಾಕಿದ್ದೇನೆ. ನಾಲ್ಕೂ ಪ್ಲಗ್ ಬಿಸ್ಕತ್ ಬಣ್ಣಕ್ಕೆ ಬಂದಿವೆ, ಅಂದರೆ ಮಿಶ್ರಣ ಸರಿಯಿದೆ. ಮುಂದಿನ ಕೆಲಸ ವಾಲ್ವ್ ಒತ್ತುವ 1.3 ಅನುಪಾತದ ರಾಕರ್ ತೆಗೆದು 1.5ರ ರಾಕರ್ ಹಾಕುವುದು. ಕ್ಯಾಮ್ ಮುಟ್ಟದೆಯೇ ವಾಲ್ವ್ ಇನ್ನೂ ಮೇಲೆ ಏಳುತ್ತದೆ, ಗಾಳಿ ಜಾಸ್ತಿ ಹೋಗುತ್ತದೆ. ಹಾಗಾಗಿ ನೀಡಲ್ ಹುಡುಕಾಟ ಮತ್ತೆ ಮೊದಲಿನಿಂದ ಶುರು.