ಹಳೇ ಕಂಪ್ಯೂಟರ್ ಮನೆಗೇ ಬಂದು ತಗೊಂಡೋಗೋ ಸರ್ವೀಸ್: ಲೆಕ್ಕ ಕೊಟ್ರು, ಅದಕ್ಕೇ 4 ಸ್ಟಾರ್

ಅಟ್ಟದ ಮೇಲೆ ಎರಡು ಲ್ಯಾಪ್‌ಟಾಪ್, ಒಂದು ಡೆಸ್ಕ್‌ಟಾಪ್, ಡಬ್ಬದ ಥರ ಇರೋ ಸಿಆರ್‌ಟಿ ಮಾನಿಟರ್, ಚೀಲ ತುಂಬ ವೈರು ಎಷ್ಟೋ ವರ್ಷದಿಂದ ಬಿದ್ದಿದ್ವು. ಹಿಂದೊಂದ್ಸಲ ಬೇರೆ ಕಡೆ ಕೊಟ್ಟಾಗ ತೂಕ ಹಾಕಿ ಚೀಟಿ ಕೊಟ್ರು ಅಷ್ಟೆ, ಡಿಸ್ಕ್ ಏನ್ಮಾಡಿದ್ರಿ ಅಂದ್ರೆ ಉತ್ತರಾನೇ ಇಲ್ಲ, ಅದ್ರಲ್ಲಿ ಅಪ್ಪನ ಬ್ಯಾಂಕ್ ಕಾಗದಗಳೆಲ್ಲ ಇದ್ವು, ಎಷ್ಟು ದಿನ ನಿದ್ದೆ ಬರ್ಲಿಲ್ಲ ಅಂತ ನಂಗೇ ಗೊತ್ತು. ಹಂಗಾಗಿ ಈ ಸಲ ಬುಕ್ ಮಾಡೋಕೆ ಮುಂಚೆ ಎಲ್ಲಾ ಕೇಳ್ಕೊಂಡೆ.

ಬಂದವ್ರು ಒಂದೊಂದನ್ನೂ ಆನ್ ಮಾಡಿ ನೋಡಿ ಸೀರಿಯಲ್ ನಂಬರ್ ಬರ್ಕೊಂಡ್ರು. ನಾನು ಕ್ವಿಕ್ ಫಾರ್ಮ್ಯಾಟ್ ಮಾಡಿದೀನಿ ಸಾಕಲ್ವಾ ಅಂದೆ. ಸಾಲಲ್ಲ ಸರ್, ಅದು ಪುಸ್ತಕದ ಪರಿವಿಡಿ ಹರಿದಂಗೆ, ಒಳಗಿನ ಪುಟ ಹಂಗೇ ಇರುತ್ತೆ ಅಂದ್ರು. ಹಾರ್ಡ್‌ಡಿಸ್ಕ್ ಆದ್ರೆ ಪೂರ್ತಿ ಒಂದ್ಸಲ ಮೇಲೆ ಬೇರೆ ಡೇಟಾ ಬರೆದ್ರೆ ಆಯ್ತು, ಎಸ್‌ಎಸ್‌ಡಿ (ತಿರುಗೋ ಡಿಸ್ಕ್ ಬದಲು ಚಿಪ್ಪಲ್ಲಿ ಡೇಟಾ ಇಡೋ ಡ್ರೈವ್) ನಮಗೆ ಕಾಣಿಸ್ದೇ ಇರೋ ಜಾಗದಲ್ಲೂ ಡೇಟಾ ಇಟ್ಕೊಂಡಿರುತ್ತಂತೆ, ಅದಕ್ಕೆ ಎಲ್ಲಾ ಅಳಿಸೋಕೆ ಡ್ರೈವ್‌ದೇ ಸೆಕ್ಯೂರ್ ಇರೇಸ್ ಕಮಾಂಡ್ ಕೊಡ್ಬೇಕು, ಅದನ್ನ ನನ್ನೆದುರೇ ಮಾಡಿದ್ರು. ಡೆಸ್ಕ್‌ಟಾಪ್ ಡಿಸ್ಕ್ ತಿರುಗ್ತಾನೇ ಇರ್ಲಿಲ್ಲ, ಅದನ್ನ ಪುಡಿ ಮಾಡಿ ಅದೇ ಸೀರಿಯಲ್ ನಂಬರ್ ಹಾಕಿ ಸರ್ಟಿಫಿಕೇಟ್ ಕಳ್ಸಿದ್ರು.

ಒಂದು ಲ್ಯಾಪ್‌ಟಾಪ್‌ದು ಟಚ್‌ಪ್ಯಾಡ್ ಮೇಲಕ್ಕೆದ್ದಿತ್ತು, ಮುಚ್ಚಳ ಸರಿಯಾಗಿ ಕೂರ್ತಿರ್ಲಿಲ್ಲ, ನಾನು ಒತ್ತೋಕೆ ಹೋದೆ, ತಕ್ಷಣ ಕೈ ಹಿಡ್ಕೊಂಡ್ರು. ಒಳಗೆ ಬ್ಯಾಟರಿ ಊದ್ಕೊಂಡಿತ್ತು. ಇಂಥದ್ದನ್ನ ಒತ್ಬೇಡಿ, ಚಾರ್ಜಿಗೂ ಹಾಕ್ಬೇಡಿ, ಕಸದ ಬುಟ್ಟಿಗಂತೂ ಬೇಡ್ವೇ ಬೇಡ, ಬೆಂಕಿ ಹತ್ಕೊಳ್ಳುತ್ತೆ.

ಇನ್ನೊಂದು ಲ್ಯಾಪ್‌ಟಾಪ್ ಚೆನ್ನಾಗೇ ಇತ್ತು, ವಿಂಡೋಸ್ 11 ಹಿಡಿಯಲ್ಲ ಅಷ್ಟೆ, ವಿಂಡೋಸ್ 10ಕ್ಕೆ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರಲ್ಲೇ ನಿಂತೋಯ್ತು. ರ‍್ಯಾಮ್ ಹೆಚ್ಚಿಸಿ ವಿಂಡೋಸ್ ಬದಲು ಫ್ರೀಯಾಗಿ ಸಿಗೋ ಲಿನಕ್ಸ್ ಹಾಕಿ ಒಂದು ಶಾಲೆಗೆ ಕೊಟ್ಟಿದಾರೆ. ಅದರ ಚಾರ್ಜರ್ ಹುಡುಕಿ ಕೊಡಿ ಅಂತ ಎರಡು ಸಲ ಫೋನ್ ಮಾಡಿದ್ರು, ಚಾರ್ಜರ್ ಇಲ್ದೇ ದಾನ ಕೊಟ್ರೆ ತಗೊಂಡವ್ರಿಗೆ ಅದೇ ಒಂದು ಖರ್ಚು ಅಂತ. ಈ ಮಾತು ನಂಗೆ ತುಂಬ ಹಿಡಿಸ್ತು.

ಸಿಆರ್‌ಟಿಗೆ ಮಾತ್ರ ಬೇರೆ ಚಾರ್ಜ್ ಹಾಕಿದ್ರು. ಮೊದಲು ಬೇಜಾರಾಯ್ತು, ಆದ್ರೆ ಅದರ ಗಾಜಲ್ಲಿ ಸೀಸ ಅನ್ನೋ ವಿಷದ ಲೋಹ ಇರುತ್ತೆ, ಯಾರೂ ಕಾಸು ಕೊಟ್ಟು ತಗೊಳ್ಳಲ್ಲ, ಫ್ರೀಯಾಗಿ ತಗೋತೀವಿ ಅನ್ನೋರು ಎಲ್ಲಿ ಒಡೆದು ಸುರೀತಾರೋ ಅಂತ ಯೋಚ್ನೆ ಮಾಡಿದ್ಮೇಲೆ ಸರಿ ಅನ್ನಿಸ್ತು. ವಿಶ್ವಸಂಸ್ಥೆ ವರದಿ ಪ್ರಕಾರ 2022ರಲ್ಲಿ ಪ್ರಪಂಚದಲ್ಲಿ 6.2 ಕೋಟಿ ಟನ್ ಇ-ವೇಸ್ಟ್ ಆಗಿತ್ತು, ಸರಿಯಾಗಿ ರೀಸೈಕಲ್ ಆಗಿದ್ದಕ್ಕೆ ದಾಖಲೆ ಇರೋದು ಕಾಲುಭಾಗಕ್ಕೂ ಇಲ್ಲ. ವೈರ್‌ಗಳನ್ನ ಬಯಲಲ್ಲಿ ಸುಟ್ಟು ತಾಮ್ರ ತೆಗೆಯೋರಿದಾರೆ, ಆ ಹೊಗೆ ಕುಡಿಯೋದೂ ಮನುಷ್ಯರೇ. ನನ್ನ ಚೀಲದ ವೈರು ಅಲ್ಲಿಗೆ ಹೋಗ್ಬಾರ್ದು.

ಒಂದು ಸ್ಟಾರ್ ಕಟ್ ಮಾಡಿದ್ದು ಯಾಕಂದ್ರೆ ಯಾವ ಸಾಮಾನು ಎಲ್ಲೋಯ್ತು ಅನ್ನೋ ರಿಪೋರ್ಟ್ ಬರೋಕೆ ಮೂರು ವಾರ ಆಯ್ತು, ಕೀಬೋರ್ಡು ಮೌಸು ಎಲ್ಲಾ ಸೇರ್ಸಿ ಬರೀ 'ಇತರೆ' ಅಂತ ಬರ್ದಿದಾರೆ. ಅದೂ ಎಲ್ಲೋಯ್ತು ಅಂತ ಮೇಲ್ ಹಾಕಿದೀನಿ. ಅಟ್ಟದ ಮೇಲೆ ಇನ್ನೂ ಒಂದು ಪ್ರಿಂಟರ್ ಉಳ್ಕೊಂಡಿದೆ, ಉತ್ತರ ಬಂದ್ಮೇಲೆ ಅದನ್ನೂ ಇವ್ರಿಗೇ ಕೊಡೋದು.