ಟಾರ್ಟಾಯ್ಸ್ ಮೋಟರ್ ಮತ್ತು ಮನೇಲೇ ಮಾಡಿದ ಪಾಯಿಂಟ್ ಪ್ಯಾನೆಲ್: ಐದಾರು ವರ್ಷ ಬಳಸಿದ ಮೇಲೆ

ಚಿಕ್ಕಬಳ್ಳಾಪುರದ ನಮ್ಮ ಮನೆ ಮಹಡಿ ಮೇಲೆ ಒಂದು ಎಚ್‌ಒ ಲೇಔಟ್, ಅಂದರೆ ಆಟದ ರೈಲಿನ ಮಾದರಿ ಹಳಿ, ಇದೆ. 1:87 ಅಳತೆ, ಹಳಿಗಳ ನಡುವೆ 16.5 ಮಿಲಿಮೀಟರ್. ಕೋಲಾರದ ಲೈನು 2013ರಲ್ಲಿ ಬ್ರಾಡ್‌ಗೇಜ್ ಆಯ್ತಲ್ಲ, ಆಮೇಲಿನ ಚಿಂತಾಮಣಿ ಸ್ಟೇಷನ್ ನೆನಪಲ್ಲಿಟ್ಟುಕೊಂಡು ಮಾಡಿದ್ದು. ಸೈಡಿಂಗ್ (ಬೋಗಿ ನಿಲ್ಲಿಸುವ ಪಕ್ಕದ ಹಳಿ) ಮಾತ್ರ ಆಸೆಗೆ ಜಾಸ್ತಿ ಹಾಕಿದ್ದೇನೆ. ಪಾಯಿಂಟ್, ಅಂದರೆ ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಜಾಗ, ಹೊರಳಿಸುವುದು ಸರ್ಕ್ಯುಟ್ರಾನ್ ಕಂಪನಿಯ ಟಾರ್ಟಾಯ್ಸ್ ಮೋಟರ್. ಅದಕ್ಕೆ ಹುಕುಂ ಕೊಡುವುದು ಅಕ್ರಿಲಿಕ್ ಶೀಟಿನ ಮೇಲೆ ನಾನೇ ಮಾಡಿಕೊಂಡ ಪ್ಯಾನೆಲ್.

ಕಾಯಿಲ್ ಇರುವ ಮೋಟರ್ ಬದಲು ಇದನ್ನೇ ಯಾಕೆ ಹಾಕಿದೆ ಅಂತ ಕೇಳುವವರಿಗೆ ನನ್ನ ಉತ್ತರ ಒಂದೇ: ನಮ್ಮೂರ ಕರೆಂಟು. ಕಾಯಿಲ್ ಮೋಟರಿಗೆ ಬಟನ್ ಒತ್ತಿ ಬಿಡಬೇಕು, ಒತ್ತಿಕೊಂಡೇ ಇದ್ದರೆ ಕಾಯಿಲ್ ಸುಟ್ಟುಹೋಗುತ್ತದೆ. ಬಿಟ್ಟ ಮೇಲೆ ಪಾಯಿಂಟ್ ಯಾವ ಕಡೆ ಇದೆ ಅಂತ ಆ ಬಟನ್ ಹೇಳುವುದಿಲ್ಲ. ಟಾರ್ಟಾಯ್ಸಿಗೆ ಹಾಕುವುದು ಡಿಪಿಡಿಟಿ ಟಾಗಲ್, ಅಂದರೆ ಎರಡು ವೈರನ್ನೂ ಒಟ್ಟಿಗೆ ಬದಲಿಸುವ ಕಡ್ಡಿ ಸ್ವಿಚ್. ಪ್ಲಸ್ ಮೈನಸ್ ಅದಲು ಬದಲು ಮಾಡಿದರೆ ಮೋಟರ್ ಉಲ್ಟಾ ತಿರುಗಿ, ಕೊನೆ ಮುಟ್ಟಿ, ಅಲ್ಲೇ ಒತ್ತಿ ಹಿಡಿದು ನಿಲ್ಲುತ್ತದೆ. ಹಾಗೆ ನಿಂತಾಗ ಎಳೆಯುವುದು ಸುಮಾರು 15 ಮಿಲಿಆಂಪ್, ಅಷ್ಟೇ. ಬೇಸಿಗೆಯಲ್ಲಿ ಆಟದ ಮಧ್ಯೆ ಕರೆಂಟ್ ಹೋದರೂ ಗೇರ್ ಪಾಯಿಂಟನ್ನು ಬಿಡುವುದಿಲ್ಲ. ಟಾಗಲ್ ಕಡ್ಡಿಯೂ ಇದ್ದ ಕಡೆಯೇ ಇರುತ್ತದೆ. ವಾಪಸ್ ಬಂದಾಗ ಏನನ್ನೂ ಮತ್ತೆ ಸೆಟ್ ಮಾಡಬೇಕಿಲ್ಲ.

ಪ್ಯಾನೆಲ್ ಮಾಡುವ ಕೆಲಸ ಕಷ್ಟದ್ದಲ್ಲ. ಹಳಿಯ ನಕ್ಷೆಯನ್ನು ಫ್ಲೆಕ್ಸ್ ಅಂಗಡಿಯಲ್ಲಿ ಸ್ಟಿಕ್ಕರ್ ಮಾಡಿಸಿ 3 ಮಿಲಿಮೀಟರ್ ಶೀಟಿಗೆ ಅಂಟಿಸಿದೆ. ಹಿಂದೆ ಮರದ ತುಂಡು ಇಟ್ಟು, ನಿಧಾನಕ್ಕೆ 6 ಮಿಲಿಮೀಟರ್ ತೂತು ಕೊರೆದರೆ ಶೀಟ್ ಸೀಳುವುದಿಲ್ಲ. ಟಾಗಲ್ ಕಡ್ಡಿ ಯಾವ ಕಡೆ ವಾಲಿದೆಯೋ ರೈಲು ಆ ಕಡೆ ಹೋಗಬೇಕು. ಪಕ್ಕದ ಮನೆ ಹುಡುಗರು "ಅಂಕಲ್, ಇದು ಯಾವ ಲೈನಿಗೆ?" ಅಂತ ಕೇಳದೆ ಆಡುತ್ತಾರೆ. ನನ್ನ ಪ್ರಕಾರ ಪ್ಯಾನೆಲ್ಲಿಗೆ ಅದೇ ಪರೀಕ್ಷೆ.

ಎಲ್‌ಇಡಿ ವಿಷಯದಲ್ಲಿ ಒಂದು ಉಪಾಯ ಇದೆ. ಎರಡು ಎಲ್‌ಇಡಿಗಳನ್ನು ಒಂದಕ್ಕೊಂದು ಉಲ್ಟಾ ಜೋಡಿಸಿ ಮೋಟರಿನ ವೈರಿನಲ್ಲೇ ಸೀರೀಸ್ ಹಾಕಿದರೆ ಬೇರೆ ರೆಸಿಸ್ಟರೇ ಬೇಡ. ಮೋಟರ್ ಓಡುವಾಗ ದೀಪ ಮಂಕಾಗಿ, ನಿಂತಾಗ ಚೆನ್ನಾಗಿ ಉರಿಯುತ್ತದೆ. ದೀಪ ಸುಮಾರು 2 ವೋಲ್ಟ್ ತಿನ್ನುವುದರಿಂದ ಮೋಟರ್ ಸ್ವಲ್ಪ ನಿಧಾನ, ಸದ್ದೂ ಕಮ್ಮಿ. ಆದರೆ ಈ ದೀಪ ಹೇಳುವುದು ನೀವು ಕೊಟ್ಟ ಹುಕುಂ ಮಾತ್ರ. ಮೋಟರಿನಿಂದ ಪಾಯಿಂಟನ್ನು ತಳ್ಳುವ ಉಕ್ಕಿನ ತಂತಿ ಕಳಚಿ ಪಾಯಿಂಟ್ ಅರ್ಧಕ್ಕೇ ನಿಂತಿದ್ದರೂ ದೀಪ ನಗುತ್ತಾ ಉರಿಯುತ್ತದೆ! ಮೋಟರಿನೊಳಗೆ ಎರಡು ಸೆಟ್ ಕಾಂಟ್ಯಾಕ್ಟ್ ಇವೆ. ಒಂದು ಫ್ರಾಗಿಗೆ (ಪಾಯಿಂಟಿನಲ್ಲಿ ಎರಡು ಹಳಿ ಒಂದನ್ನೊಂದು ದಾಟುವ ಜಾಗಕ್ಕೆ) ಕರೆಂಟ್ ಬದಲಿಸಲು, ಇನ್ನೊಂದರಿಂದ ಮೇನ್ ಲೈನ್ ಪಾಯಿಂಟುಗಳಿಗೆ ದೀಪ ಕೊಟ್ಟಿದ್ದೇನೆ. ಇದಕ್ಕೆ ರೆಸಿಸ್ಟರ್ ಬೇಕು. ಮೋಟರ್ ನಿಜಕ್ಕೂ ತಿರುಗಿದರೆ ಮಾತ್ರ ಇದು ಬದಲಾಗುತ್ತದೆ.

ಇನ್ನು ತೊಂದರೆ. ಮೋಟರುಗಳು ಒಂದೂ ಕೈಕೊಟ್ಟಿಲ್ಲ. ಕೈಕೊಟ್ಟಿದ್ದು ಆನ್‌ಲೈನಿನಲ್ಲಿ ಡಜನ್ ಲೆಕ್ಕದಲ್ಲಿ ಬಂದ, ಹೆಸರಿಲ್ಲದ ಟಾಗಲ್‌ಗಳು. ನಮ್ಮ ಕಡೆಯ ಧೂಳಿಗೆ ಎರಡನೇ ಬೇಸಿಗೆಯಲ್ಲೇ ಕಾಂಟ್ಯಾಕ್ಟ್ ಹಿಡಿಯದಾಯಿತು. ಕ್ಲೀನರ್ ಸ್ಪ್ರೇ ಹೊಡೆದರೆ ನಾಲ್ಕು ದಿನ ಸರಿ, ಆಮೇಲೆ ಅದೇ ಕಥೆ. ಕೊನೆಗೆ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ, ಕೈಯಲ್ಲಿ ಒತ್ತಿ ನೋಡಿ ಒಳ್ಳೆಯವು ತಂದೆ. ಮೋಟರಿಗೆ ಅಷ್ಟು ದುಡ್ಡು ಹಾಕಿ ಸ್ವಿಚ್ಚಲ್ಲಿ ಉಳಿಸುವುದು ಸುಮ್ನೆ ದಂಡ.

ವೈರಿಗೆ ಲ್ಯಾನ್ ಕೇಬಲ್ ಸಾಕು. ನಾಲ್ಕು ಜೋಡಿ, ನಾಲ್ಕು ಮೋಟರ್, ಬಣ್ಣವೂ ಬೇರೆ ಬೇರೆ. ಆದರೆ ಪ್ಯಾನೆಲ್ ಮುಚ್ಚಿ ತೆಗೆಯುವ ಕೀಲಿನ ಹತ್ತಿರ ಒಂಟಿ ಎಳೆಯ ತಾಮ್ರ ಬೇಡ, ಮುರಿಯುತ್ತದೆ. ಅಲ್ಲಿ ಮಲ್ಟಿಸ್ಟ್ರಾಂಡ್ ಹಾಕಿ.

ಮೋಟರ್ ಎತ್ತರ ಮೂರು ಇಂಚಿಗಿಂತ ಜಾಸ್ತಿ, ಹಲಗೆ ಕೆಳಗೆ ಜಾಗ ನೋಡಿಕೊಳ್ಳಿ. ಪೀಕೊ ಕಂಪನಿಯ ಪಾಯಿಂಟ್ ಆದರೆ ಅದನ್ನು ಒಂದು ಕಡೆ ಹಿಡಿದಿಡುವ ಸ್ಪ್ರಿಂಗ್ ತೆಗೆದು ಕೂರಿಸಬೇಕು. ಲೇಔಟಿನಲ್ಲಿ ಎರಡೇ ಪಾಯಿಂಟ್, ಅದೂ ಕೈಗೆಟುಕುವಂತಿದ್ದರೆ ಆ ಸ್ಪ್ರಿಂಗ್ ಇರಲಿ, ಬೆರಳಲ್ಲೇ ತಳ್ಳಿ. ಆ ದುಡ್ಡಿಗೆ ಇನ್ನೆರಡು ಬೋಗಿ ಬರುತ್ತವೆ.