‘ಟೈಪ್-1’ ಹಿಂಡಿ: ಚೀಲದ ಮೇಲೊಂದು, ಒಳಗೊಂದು

ಶಿವಮೊಗ್ಗ ಪೇಟೆಯಲ್ಲಿ ಸಿಗುವ ದನದ ಹಿಂಡಿಯ 50 ಕೆಜಿ ಚೀಲ. ಮೇಲೆ ‘ಟೈಪ್-1 (ಐಎಸ್‌ಐ ಮಾನದಂಡದ ಮೇಲ್ದರ್ಜೆ), ಪ್ರೋಟೀನ್ 22%’ ಎಂಬ ಅಚ್ಚು; ಐಎಸ್‌ಐ ಗುರುತಿಲ್ಲ. ಒಂದು ಹಿಡಿ ನೀರಿಗೆ ಹಾಕಿ ಕಲಕಿದರೆ ತಳದಲ್ಲಿ ಮರಳು. ದುಡ್ಡು ಕೊಟ್ಟು ಮರಳು ಕೊಳ್ಳಬೇಕೆ, ಹೊಳೆ ಪಕ್ಕದಲ್ಲೇ ಇರುವಾಗ?

ಪ್ರೋಟೀನ್ ಅಂಕಿಯೊಂದನ್ನೇ ನಂಬಬೇಡಿ. ಸಾಮಾನ್ಯ ಪರೀಕ್ಷೆ ಅಳೆಯುವುದು ಸಾರಜನಕವನ್ನು. ಯೂರಿಯಾದಲ್ಲೂ ಸಾರಜನಕವಿದೆ; ಕ್ವಿಂಟಲ್‌ಗೆ 1 ಕೆಜಿ ಬೆರೆಸಿದರೂ ಪ್ರೋಟೀನ್ ಅಂಕಿ ಎರಡೂವರೆ ಶೇಕಡಾ ಅಂಶಕ್ಕೂ ಹೆಚ್ಚು ಏರುತ್ತದೆ. ಯೂರಿಯಾವನ್ನು ಬೇರೆಯಾಗಿಯೇ ಪರೀಕ್ಷಿಸಲು ಹೇಳಿ. ಎಳೆಗರುಗಳಿಗಂತೂ ಅದು ಸಲ್ಲದು. ಮಲೆನಾಡಿನ ಮಳೆಗಾಲದಲ್ಲಿ ತೇವ 11% ಮೀರಿದ ಹಿಂಡಿಗೆ ಬೂಷ್ಟು ಹಿಡಿಯುವುದೂ ಬೇಗ.

ದೂರಿಗೆ ರಸೀದಿ, ಲೇಬಲ್ಲಿನ ಫೋಟೊ, ಸಾಕ್ಷಿಗಳೆದುರು ಮುದ್ರೆ ಹಾಕಿದ ಮಾದರಿ ಇರಲಿ. ತೂಕ ಕಡಿಮೆಯಿದ್ದರೆ ಕಾನೂನು ಮಾಪನಶಾಸ್ತ್ರ ಇಲಾಖೆ. ಗುಣಮಟ್ಟಕ್ಕೆ 2 ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗ. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯೊಳಗಿದ್ದರೆ ಆಯೋಗಕ್ಕೆ ದೂರಿನ ಶುಲ್ಕವಿಲ್ಲ.